ಹೊಡೆಸಿಕೊಂಡೇ ಹೆಸರಾದ ಎಂ.ಬಿ. ಶೆಟ್ಟಿ

1978ರಲ್ಲಿ ತೆರೆಕಂಡ ಯಶ್ ಚೋಪ್ರಾ ನಿರ್ದೇಶನದ ‘ತ್ರಿಶೂಲ್’ ಚಿತ್ರದಲ್ಲಿ ಒಂದು ದೃಶ್ಯವಿದೆ. ನಿವೇಶನವನ್ನು ಆಕ್ರಮಿಸಿ ಕುಳಿತ ಗೂಂಡಾ ಪಡೆಯನ್ನು ತೆರವುಗೊಳಿಸಲು ಅಮಿತಾಭ್ ಬಚ್ಚನ್ ಏಕಾಂಗಿಯಾಗಿ ಬರುತ್ತಾರೆ. ಬರುವಾಗ ಆಂಬುಲೆನ್ಸ್ ಒಂದನ್ನೂ ಜತೆಯಲ್ಲೇ ತರುತ್ತಾರೆ! ಅದು ತಮಗಲ್ಲ, ಎದುರಾಳಿಗಳಿಗೆ ಎಂಬುದು ಅರಿವಾಗುವ ಹೊತ್ತಿಗೆ ಚಿತ್ರಮಂದಿರಗಳಲ್ಲಿ ಶಿಳ್ಳೆ ಮೊಳಗುತ್ತಿತ್ತು. ಶಿಳ್ಳೆ ಸಂದದ್ದು ನಾಯಕನಿಗೆ. ಆದರೆ ಎದುರು ನಿಂತ ಬೋಳುತಲೆಯ ದೈತ್ಯ ಅಷ್ಟು ಭಯಾನಕನಾಗಿ ಕಾಣದಿದ್ದರೆ ಆ ಶಿಳ್ಳೆಗೆ ಅರ್ಥವೇ ಇರುತ್ತಿರಲಿಲ್ಲ. ಆ ದೈತ್ಯ ನಮ್ಮ ಕರಾವಳಿಯ ಮುದ್ದು ಬಾಬು ಶೆಟ್ಟಿ.

ಚಿತ್ರರಸಿಕರಿಗೆ ಅವರು ಬರೀ ಶೆಟ್ಟಿ. ತುಳುನಾಡಿನ ಬಂಟ ಕುಟುಂಬದಿಂದ ಬಂದ ಅವರಿಗೆ ಓದು ಹತ್ತಲಿಲ್ಲ. ಅಂದಿನ ದಿನಗಳಲ್ಲಿ ಕರಾವಳಿಯ ಅಂತಹ ಹುಡುಗರಿಗೆ ತೆರೆದಿದ್ದ ದಾರಿ ಒಂದೇ, ಮುಂಬಯಿ. ಅಲ್ಲಿನ ಕ್ಯಾಂಟೀನುಗಳಲ್ಲಿ, ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮುಂದೆ ಮಾಲೀಕರಾದವರ ಕಥೆಗಳು ದಕ್ಷಿಣ ಕನ್ನಡದ ಮನೆಮನೆಯಲ್ಲಿವೆ. ಶೆಟ್ಟರೂ ಮಾಣಿಯಾಗಿಯೇ ಆರಂಭಿಸಿದರು. ಆದರೆ ಅವರನ್ನು ಸೆಳೆದದ್ದು ಗಲ್ಲಾಪೆಟ್ಟಿಗೆಯಲ್ಲ, ಗರಡಿ. ದೇಹ ಹುರಿಗೊಳಿಸಿಕೊಂಡು ಬಾಕ್ಸಿಂಗ್ ಕಣಕ್ಕಿಳಿದರು, ಹೆಸರನ್ನೂ ಗಳಿಸಿದರು. ಆ ಮೈಕಟ್ಟೇ 1950ರ ದಶಕದಲ್ಲಿ ಅವರನ್ನು ಹಿಂದಿ ಚಿತ್ರರಂಗದ ಬಾಗಿಲಿಗೆ ತಂದು ನಿಲ್ಲಿಸಿತು.

ಆಗ ಸ್ಟಂಟ್ ಎಂದರೆ ಇಂದಿನಂತಲ್ಲ. ಬಿದ್ದವನನ್ನು ಹಿಡಿಯುವ ಉಕ್ಕಿನ ಎಳೆಗಳಿರಲಿಲ್ಲ. ತಪ್ಪನ್ನು ಒರೆಸಿಹಾಕುವ ಗ್ರಾಫಿಕ್ಸ್ ಇರಲಿಲ್ಲ. ಮಹಡಿಯಿಂದ ಜಿಗಿಯುವವನ ಕೆಳಗೆ ಹಾಸಿಗೆಯೋ, ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯೋ ಇದ್ದರೆ ಅದೇ ಭಾಗ್ಯ. ಗುದ್ದಿದ ಸದ್ದನ್ನು ಆಮೇಲೆ ಸೇರಿಸಬಹುದಿತ್ತು. ಬಿದ್ದ ಪೆಟ್ಟನ್ನು ಮಾತ್ರ ಅಲ್ಲೇ, ಆಗಲೇ ತಿನ್ನಬೇಕಿತ್ತು. ನಾಯಕನಿಗೆ ಡ್ಯೂಪ್ ಹಾಕುವವನು ತನ್ನ ಮುಖವನ್ನು ಕ್ಯಾಮೆರಾದಿಂದ ಮರೆಸಬೇಕು. ಮುಖ ಕಂಡರೆ ಶಾಟ್ ವ್ಯರ್ಥ. ಮೈಯನ್ನೇ ಒತ್ತೆಯಿಟ್ಟು ಅನಾಮಿಕನಾಗಿ ಉಳಿಯುವ ಈ ಕಸುಬಿಗೆ ಸಮನಾದದ್ದು ಚಿತ್ರರಂಗದಲ್ಲಿ ಬೇರೊಂದಿಲ್ಲ.

ಶೆಟ್ಟರೂ ಹೀಗೆಯೇ ಡ್ಯೂಪ್ ಆಗಿ ಬಿದ್ದು ಎದ್ದು ಫೈಟ್ ಮಾಸ್ಟರ್ ಆದರು. ಮುಷ್ಟಿ ಮುಖಕ್ಕೆ ತಾಗದೆಯೂ ತಾಗಿದಂತೆ ಕಾಣಬೇಕಾದರೆ ಕ್ಯಾಮೆರಾ ಯಾವ ಕೋನದಲ್ಲಿರಬೇಕು, ಹೊಡೆಸಿಕೊಳ್ಳುವವನ ಕತ್ತು ಯಾವ ಕ್ಷಣದಲ್ಲಿ ಹೊರಳಬೇಕು ಎಂಬುದೇ ಈ ವಿದ್ಯೆಯ ಗುಟ್ಟು. ಹೊಡೆಯುವವನಿಗಿಂತ ಹೊಡೆಸಿಕೊಳ್ಳುವವನಿಗೇ ಹೆಚ್ಚು ಕಲೆ ಬೇಕು. ಬಾಕ್ಸಿಂಗ್ ಕಣದಲ್ಲಿ ಪಳಗಿದ ಕಣ್ಣು ಇಲ್ಲಿ ನೆರವಿಗೆ ಬಂದಿರಲೇಬೇಕು.

ಮರೆಯಲ್ಲಿದ್ದ ಮುಖ ಕ್ರಮೇಣ ಪರದೆಗೂ ಬಂತು. 1967ರ ‘ನೈಟ್ ಇನ್ ಲಂಡನ್’, ‘ಆನ್ ಈವ್ನಿಂಗ್ ಇನ್ ಪ್ಯಾರಿಸ್’, 1978ರ ‘ಡಾನ್’, 1979ರ ‘ದಿ ಗ್ರೇಟ್ ಗ್ಯಾಂಬ್ಲರ್’ ಹೀಗೆ ಪಟ್ಟಿ ಬೆಳೆಯಿತು. ಮಾತು ಕಡಿಮೆ, ಬಹಳಷ್ಟು ಪಾತ್ರಗಳಿಗೆ ಹೆಸರೂ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಆದರೆ ನುಣ್ಣಗೆ ಬೋಳಿಸಿದ ಆ ತಲೆ ತೆರೆಯಲ್ಲಿ ಮಿಂಚಿದೊಡನೆ ಹೊಡೆದಾಟ ಸನ್ನಿಹಿತವೆಂದು ಪ್ರೇಕ್ಷಕ ಕುರ್ಚಿಯ ತುದಿಗೆ ಸರಿಯುತ್ತಿದ್ದ. ಕೊನೆಗೆ ಸೋಲುವುದು ಶೆಟ್ಟರೇ ಎಂಬುದೂ ಅವನಿಗೆ ಗೊತ್ತಿತ್ತು!

ಇಷ್ಟು ಗಟ್ಟಿ ಆಳನ್ನು ಕೆಡವಿದ್ದು ಒಂದು ಅವಘಡ. 1980ರಲ್ಲಿ ಬಿಡುಗಡೆಯಾದ ‘ಬಾಂಬೆ 405 ಮೈಲ್ಸ್’ ಚಿತ್ರೀಕರಣದ ವೇಳೆ ಸಹ ಸಾಹಸ ಕಲಾವಿದರೊಬ್ಬರು ಪ್ರಾಣ ಕಳೆದುಕೊಂಡರು. ಆ ಸಾವಿನ ಹೊರೆಯನ್ನು ಶೆಟ್ಟರು ತಮ್ಮ ಮೇಲೆಯೇ ಹೊತ್ತುಕೊಂಡರು. ಕುಡಿತ ಹೆಚ್ಚಿತು. ಎಷ್ಟೋ ಬಾರಿ ಎತ್ತರದಿಂದ ಜಿಗಿದು ಉಳಿದಿದ್ದ ದೇಹ ಮನೆಯಲ್ಲೇ ಜಾರಿ ಬಿದ್ದು ಹಾಸಿಗೆ ಹಿಡಿಯಿತು. 1982ರ ಜನವರಿ 23ರಂದು ಅವರು ಕೊನೆಯುಸಿರೆಳೆದರು.

ಸಾಹಸ ಕಲಾವಿದನ ಮನೆಯಲ್ಲಿ ದುಡಿಯುವ ಕೈ ನಿಂತರೆ ಆದಾಯವೂ ಅಂದೇ ನಿಂತಂತೆ. ಪಿಂಚಣಿಯಿಲ್ಲ, ನಾಳೆಯ ಭರವಸೆಯಿಲ್ಲ. ಸಂಸಾರ ಸಾಗಿಸುವ ಭಾರ ಪತ್ನಿ ರತ್ನಾ ಅವರ ಹೆಗಲಿಗೇರಿತು. ಅವರೂ ಚಿತ್ರಗಳಲ್ಲಿ ಜೂನಿಯರ್ ಕಲಾವಿದೆಯಾಗಿ ದುಡಿದವರು. ಮಗ ರೋಹಿತ್ ಆಗಿನ್ನೂ ಬಾಲಕ. ಕುಟುಂಬ ಮುಂದೆ ನಗರದ ಅಂಚಿನ ದಹಿಸರ್‌ಗೆ ಸರಿಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಡುಗನ ಗಳಿಕೆ 35 ರೂಪಾಯಿ. ಬಸ್ಸಿಗೆ ಕೊಟ್ಟರೆ ಊಟಕ್ಕಿಲ್ಲ ಎಂಬ ಸ್ಥಿತಿ. 1991ರಲ್ಲಿ ತೆರೆಕಂಡ ‘ಫೂಲ್ ಔರ್ ಕಾಂಟೆ’ಗೆ ರೋಹಿತ್ ಸಹಾಯಕ ನಿರ್ದೇಶಕರಾದರು. ಅದು ನಾಯಕನಾಗಿ ಅಜಯ್ ದೇವಗನ್ ಅವರ ಮೊದಲ ಚಿತ್ರ. ಅಜಯ್ ಅವರ ತಂದೆ ವೀರು ದೇವಗನ್ ಕೂಡ ಫೈಟ್ ಮಾಸ್ಟರ್. ಒಂದೇ ಕಸುಬಿನ ಇಬ್ಬರ ಮಕ್ಕಳು ಹೀಗೆ ಜತೆಯಾದರು.

2003ರಲ್ಲಿ ‘ಜಮೀನ್’ ಚಿತ್ರದಿಂದ ಸ್ವತಂತ್ರ ನಿರ್ದೇಶಕರಾದ ರೋಹಿತ್ ಶೆಟ್ಟಿ, 2006ರಲ್ಲಿ ‘ಗೋಲ್‌ಮಾಲ್’, 2011ರಲ್ಲಿ ‘ಸಿಂಗಂ’ ಕೊಟ್ಟರು. ಅವರ ಚಿತ್ರಗಳಲ್ಲಿ ಗಾಳಿಗೆ ಹಾರುವ ಕಾರುಗಳನ್ನು ಕಂಡು ವಿಮರ್ಶಕರು ನಗುವುದುಂಟು. ಆ ಕಾರುಗಳ ಸುತ್ತ ದುಡಿಯುವ ಸ್ಟಂಟ್ ಹುಡುಗರಿಗೆ ಮಾತ್ರ ನಿರ್ದೇಶಕ ಯಾರ ಮಗನೆಂಬುದು ಗೊತ್ತು.