ನಳದುರ್ಗದಲ್ಲಿ ಮೆಡೋಸ್ ಟೇಲರನು

ಉಮರ್ಗಾದಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಬೋರಿ ನದಿಯ ದಂಡೆಯ ನಳದುರ್ಗವು ಎದುರಾಗುತ್ತದೆ. ಮಳೆಗಾಲದಲ್ಲಿ ಅಲ್ಲಿಯ ನೀರಮಹಲನ್ನು ನೋಡಿ ಬಾರದವರು ನಮ್ಮಲ್ಲಿ ವಿರಳ. ಈ ನಳದುರ್ಗ ಸೀಮೆಯ ಹೊಲಗಳನ್ನು ಅಳೆಯಿಸಿದ ಆಂಗ್ಲ ಅಧಿಕಾರಿಯೊಬ್ಬನ ಚರಿತ್ರೆಯು ನಮ್ಮ ಮಕ್ಕಳಿಗೆ ತಿಳಿದಿರಬೇಕಾದುದು.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದನು. 1824ರಲ್ಲಿ, ಇನ್ನೂ ಹದಿನೈದರ ಹುಡುಗನು, ಮುಂಬಯಿಯ ವರ್ತಕನೊಬ್ಬನ ಅಂಗಡಿಯನ್ನು ನಂಬಿ ಬಂದನು. ಆ ವರ್ತಕನ ಸ್ಥಿತಿಯೇ ಕೆಟ್ಟಿದ್ದಿತು. ನಿಜಾಮನ ಸೈನ್ಯದಲ್ಲಿ ಉದ್ಯೋಗ ದೊರೆತು ಬದುಕಿಕೊಂಡನು. ದೇಶಭಾಷೆಗಳನ್ನೂ ಭೂಮಾಪನ, ಎಂಜಿನಿಯರಿಂಗ್ ವಿದ್ಯೆಗಳನ್ನೂ ಬಹುಮಟ್ಟಿಗೆ ಸ್ವಂತ ಅಭ್ಯಾಸದಿಂದಲೇ ಸಂಪಾದಿಸಿದನು. 1841ರಿಂದ ಸುರಪುರ ಸಂಸ್ಥಾನದ ಆಡಳಿತವನ್ನು ನಡೆಸಿದನು. ಬಾಲರಾಜ ವೆಂಕಟಪ್ಪನಾಯಕನು ಆತನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಅಲ್ಲಿ ಬೋನಾಳದ ಕೆರೆಯನ್ನು ಸುಧಾರಿಸಿದುದು ಆತನ ಮುಖ್ಯ ಕಾರ್ಯ.

1853ರ ಒಪ್ಪಂದದಿಂದ ವಿದರ್ಭದ ಬೇರಾರು, ರಾಯಚೂರು ದೋ‌ಆಬ, ನಳದುರ್ಗ ಸೀಮೆಗಳು ಕಂಪೆನಿ ಸರಕಾರದ ವಶಕ್ಕೆ ಬಂದುವು. ನಳದುರ್ಗವು ಟೇಲರನ ಪಾಲಿಗೆ ಬಂದಿತು. ಒಂದು ಸೀಮೆಯು ಎಷ್ಟು ಬಾಯಿಗಳಿಗೆ ಅನ್ನವಿಕ್ಕಬಲ್ಲದೆಂಬ ಪ್ರಶ್ನೆಯನ್ನು ಇಂದಿನ ಪಂಡಿತರು ದೊಡ್ಡ ಗ್ರಂಥಗಳಲ್ಲಿ ಚರ್ಚಿಸುತ್ತಾರೆ; ಅದರ ಮೊದಲ ಪಾಠವು ಹೊಲದ ಬದುವಿನಲ್ಲಿಯೇ ಉಂಟು. ಎರೆ ಎಷ್ಟು, ಮಸಾರಿ ಎಷ್ಟು, ಮಣ್ಣಿನ ಆಳವೆಷ್ಟು, ಬಾವಿಯಲ್ಲಿ ನೀರು ನಿಲ್ಲುವುದೋ ಬತ್ತುವುದೋ? ಇಂದಾಪುರದಲ್ಲಿ 1835ರ ಸುಮಾರಿಗೆ ಆರಂಭವಾದ ಮುಂಬಯಿ ಪದ್ಧತಿಯ ಪೈಮಾಯಿಷಿಯು ಮಣ್ಣನ್ನು ಹೀಗೆಯೇ ಆಣೆಗಳ ಲೆಕ್ಕದಲ್ಲಿ ತೂಗಿ, ಮೂವತ್ತು ವರ್ಷಗಳಿಗೆ ಕಂದಾಯವನ್ನು ನಿಗದಿಪಡಿಸುತ್ತಿತ್ತು. ಟೇಲರನೂ ತನ್ನ ಸೀಮೆಯಲ್ಲಿ ಅಳತೆಯನ್ನು ಕೈಗೊಂಡನು. ಅದು ಕಂದಾಯಕ್ಕಾಗಿಯೇ ನಡೆದುದೆಂಬುದನ್ನು ಮರೆಯಲಾಗದು; ಪರಕೀಯ ಸರಕಾರವು ಧರ್ಮಕ್ಕೆ ಅಳೆಯಲಿಲ್ಲ. ಆದರೂ ನನಗೆ ಮುಖ್ಯವೆನಿಸುವುದು ಬೇರೆ. ಒಳ್ಳೆಯ ಮಳೆಯ ವರ್ಷದ ಬೆಳೆಯನ್ನು ಕಂಡು ಪಟ್ಟಿ ಕಟ್ಟಿದರೆ, ಬರದ ವರ್ಷ ರೈತನು ಎತ್ತು ಮಾರಿ ಊರು ಬಿಡುತ್ತಾನೆ. ಸಾಕಬಲ್ಲ ನೆಲವೂ ಬೀಳು ಬೀಳುತ್ತದೆ. ಸೀಮೆಯ ಶಕ್ತಿಯನ್ನು ಕೆಟ್ಟ ವರ್ಷದಿಂದಲೇ ಎಣಿಸಬೇಕು.

1857ರ ದಂಗೆಯಲ್ಲಿ ಆತನನ್ನು ಬುಲ್ಢಾಣಕ್ಕೆ ಕಳುಹಿಸಿದರು. 1860ರಲ್ಲಿ ನಿವೃತ್ತನಾದನು, ಅದೇ ವರ್ಷ ನಳದುರ್ಗವು ನಿಜಾಮನಿಗೆ ಮರಳಿತು. ತುಳಜಾಪುರದ ಸುತ್ತಿನ ಕಥೆಯುಳ್ಳ ತಾರಾ ಎಂಬ ಕಾದಂಬರಿಯನ್ನು 1863ರಲ್ಲಿ ಪ್ರಕಟಿಸಿದನು. 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡನು. ಆ ವರ್ಷದ ಮಳೆಯೇ ದಖ್ಖನಿಗೆ ಕೈಕೊಟ್ಟು, 1878ರ ವರೆಗಿನ ಮಹಾಕ್ಷಾಮವು ಆರಂಭವಾಯಿತು.

1972ರ ಬರವನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು. ನಿಲಂಗಾ, ಉದಗೀರಗಳ ಜಿಲ್ಲಾಸ್ಥಳವಾದ ಲಾತೂರಿಗೆ 2016ರಲ್ಲಿ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ತರಬೇಕಾಯಿತು. ಟೇಲರನ ಕಾಲದ ಅಳತೆಯಲ್ಲಿ ಹಿಂಗಾರಿ ಜೋಳದ ಹೊಲಗಳೇ ಹೆಚ್ಚು. ಇಂದು ಅದೇ ಎರೆಯಲ್ಲಿ ಕಬ್ಬು ನಿಂತಿದೆ, ಅದು ಕುಡಿಯುವ ನೀರಿನ ಲೆಕ್ಕವನ್ನು ಆತನ ಪಟ್ಟಿಯಲ್ಲಿ ಬರೆಯುವ ಪ್ರಸಂಗವೇ ಬಂದಿರಲಿಲ್ಲ.