ಈಜುಕೊಳಕ್ಕೆ ಇಳಿದ ಬರ್ನೌಲಿ

ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ನಲ್ಲಿ ನಾವೆಲ್ಲ ಬರ್ನೌಲಿ ಪ್ರಯೋಗ ಮಾಡಿದವರೇ. ರೀಡಿಂಗ್ ತಗೊಂಡು, ಸೀನಿಯರ್‌ಗಳ ರೆಕಾರ್ಡ್ ನೋಡಿ ಗ್ರಾಫ್ ಎಳೆದು, ಸಹಿ ಬಿದ್ದ ಮೇಲೆ ಮರೆತೂ ಬಿಟ್ಟೆವು. ಅದೇ ಬರ್ನೌಲಿಯನ್ನು ಈಜುಕೊಳಕ್ಕೆ ಇಳಿಸಿದ ಒಬ್ಬ ಕೋಚ್ ಇದ್ದರು. ಹೆಸರು ಜೇಮ್ಸ್ ಕೌನ್ಸಿಲ್‌ಮನ್. ಪಿಎಚ್‌ಡಿ ಮಾಡಿದ್ದಕ್ಕೆ ಎಲ್ಲರ ಬಾಯಲ್ಲೂ ‘ಡಾಕ್’.

1920ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿ, ಸೇಂಟ್ ಲೂಯಿಸ್‌ನಲ್ಲಿ ಬೆಳೆದವರು. ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬ್ರೆಸ್ಟ್‌ಸ್ಟ್ರೋಕ್ ಈಜುಗಾರನಾಗಿ ಹೆಸರು ಮಾಡ್ತಿದ್ದಾಗ ಎರಡನೇ ಮಹಾಯುದ್ಧ ಅಡ್ಡ ಬಂತು. ಓದು, ಈಜು ಎರಡೂ ಅರ್ಧಕ್ಕೇ ನಿಂತವು. ಬಿ-24 ಬಾಂಬರ್ ಪೈಲಟ್ ಆಗಿ ಯುರೋಪಿಗೆ ಹಾರಿದರು. ಒಮ್ಮೆ ಯುಗೊಸ್ಲಾವಿಯಾದಲ್ಲಿ ವಿಮಾನವನ್ನು ಹೇಗೋ ನೆಲಕ್ಕೆ ಇಳಿಸಿ ಬದುಕಿ ಬಂದರು. ಕಾಲೇಜಿಗೆ ವಾಪಸ್ ಬಂದು ಡಿಗ್ರಿ ಮುಗಿಸಿದ್ದು 1947ರಲ್ಲಿ, ಅಂದರೆ 26ರ ವಯಸ್ಸಿಗೆ. ಒಂದು ವರ್ಷ ಬ್ಯಾಕ್ ಆದ್ರೆ ಜೀವನವೇ ಮುಗೀತು ಅಂದುಕೊಳ್ಳುವ ನಮಗೆ ಇದು ಸ್ವಲ್ಪ ಸಮಾಧಾನ. ಆಮೇಲೆ ಇಲಿನಾಯ್‌ನಲ್ಲಿ ಮಾಸ್ಟರ್ಸ್, 1951ರಲ್ಲಿ ಐಯೋವಾದಲ್ಲಿ ಪಿಎಚ್‌ಡಿ. 1957ರಲ್ಲಿ ಇಂಡಿಯಾನಾ ಯೂನಿವರ್ಸಿಟಿಗೆ ಬಂದವರು 1990ರವರೆಗೂ ಅಲ್ಲೇ ಇದ್ದರು.

ಅಸಲಿ ಕಥೆ ಇರೋದು ನೀರಿನ ಒಳಗೆ. ಆಗಿನ ಕೋಚ್‌ಗಳು ಕೈಯನ್ನು ಹುಟ್ಟಿನ ಹಾಗೆ ನೇರ ಹಿಂದಕ್ಕೆ ಎಳೀಬೇಕು ಅಂತ ಹೇಳಿಕೊಡ್ತಿದ್ದರು. ನ್ಯೂಟನ್‌ನ ಮೂರನೇ ನಿಯಮ ಗೊತ್ತಿರುವ ಯಾರಿಗಾದರೂ ಸರಿ ಅನ್ನಿಸೋ ಮಾತೇ. ಡಾಕ್ ಮಾತ್ರ ಕ್ಯಾಮೆರಾ ತಗೊಂಡು ನೀರಿನೊಳಗಿಂದ ನೋಡಿದರು. ಕೊಳವನ್ನು ಕತ್ತಲೆ ಮಾಡಿ, ಈಜುಗಾರರ ಕೈಗೆ ಮಿನುಗುವ ಪುಟ್ಟ ದೀಪ ಕಟ್ಟಿ, ಬೆಳಕಿನ ಜಾಡು ಹಿಡಿದರು. ಒಳ್ಳೆಯ ಈಜುಗಾರರ ಕೈ ನೇರ ಹೋಗುತ್ತಲೇ ಇರಲಿಲ್ಲ, ಬಳುಕಿ ಬಳುಕಿ ಹೋಗುತ್ತಿತ್ತು. ಅಂಗೈ ವಿಮಾನದ ರೆಕ್ಕೆಯ ಥರ, ಪ್ರೊಪೆಲ್ಲರ್ ಥರ ಲಿಫ್ಟ್ ಹುಟ್ಟಿಸುತ್ತೆ ಅನ್ನೋದು ಅವರ ವಾದ. ಬಾಂಬರ್ ಓಡಿಸಿದವರಿಗೆ ರೆಕ್ಕೆ ನೆನಪಾಗಿದ್ದರಲ್ಲಿ ಆಶ್ಚರ್ಯವೇನು? ಇದು ನಮ್ಮ ಊಹೆ ಅಷ್ಟೇ. 1968ರಲ್ಲಿ ಅವರ ‘ದಿ ಸೈನ್ಸ್ ಆಫ್ ಸ್ವಿಮ್ಮಿಂಗ್’ ಬಂದು ಕೋಚ್‌ಗಳ ಪಠ್ಯಪುಸ್ತಕವೇ ಆಯಿತು.

ಈಗ ನಮಗೆ ಇಷ್ಟವಾದ ಭಾಗ. ಆಮೇಲೆ ಬಂದ ಸಂಶೋಧಕರು ಬಲಗಳನ್ನು ಅಳೆದು ನೋಡಿದಾಗ, ಮುನ್ನೂಕುವುದರಲ್ಲಿ ಡ್ರ್ಯಾಗ್‌ನ ಪಾಲು ಡಾಕ್ ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಅಂತ ಗೊತ್ತಾಯ್ತು. ಬರ್ನೌಲಿ ವಿವರಣೆ ಪೂರ್ತಿ ನಿಲ್ಲಲಿಲ್ಲ. ಆದರೆ ಅವರನ್ನು ತಪ್ಪು ಅಂತ ತೋರಿಸಿದವರೂ ಹಿಡಿದದ್ದು ಅವರ ದಾರಿಯನ್ನೇ: ಮೊದಲು ನೋಡು, ಅಳೆ, ಆಮೇಲೆ ಹೇಳು.

ಪದಕಗಳ ಲೆಕ್ಕ ಬೇಕಾ? 1972ರ ಮ್ಯೂನಿಕ್‌ನಲ್ಲಿ 7 ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಇವರ ಶಿಷ್ಯ. 1976ರ ಮಾಂಟ್ರಿಯಲ್‌ನಲ್ಲಿ ಇವರು ಕೋಚ್ ಆಗಿದ್ದ ಅಮೆರಿಕದ ಪುರುಷರ ತಂಡಕ್ಕೆ 13ರಲ್ಲಿ 12 ಚಿನ್ನ.

ದಡದಲ್ಲಿ ನಿಂತು ಹೇಳೋದು ಸುಲಭ ಅಂತ ಯಾರಾದರೂ ಅಂದಿದ್ದರೋ ಏನೋ, 1979ರಲ್ಲಿ 58ರ ವಯಸ್ಸಿನಲ್ಲಿ ಇಂಗ್ಲಿಷ್ ಚಾನೆಲ್‌ಗೆ ಇಳಿದೇಬಿಟ್ಟರು. 13 ಗಂಟೆಗೂ ಹೆಚ್ಚು ಹೊತ್ತು ಆ ಕೊರೆಯುವ ನೀರಲ್ಲಿ ಈಜಿ ದಾಟಿದರು. ಅಷ್ಟು ವಯಸ್ಸಿನಲ್ಲಿ ಅಲ್ಲಿವರೆಗೆ ಯಾರೂ ದಾಟಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಆ ಕೈಕಾಲುಗಳನ್ನೇ ಹಿಡಿಯಿತು. 2004ರ ಜನವರಿಯಲ್ಲಿ ತೀರಿಕೊಂಡರು. ಇಂಡಿಯಾನಾದ ಈಜುಕೊಳದ ಕಟ್ಟಡಕ್ಕೆ ಡೈವಿಂಗ್ ಕೋಚ್ ಬಿಲ್ಲಿಂಗ್ಸ್ಲೀ ಹೆಸರಿನ ಜೊತೆ ಇವರ ಹೆಸರೂ ಇದೆ.