ಟೈರ್ ಯಾಕೆ ಕರಗಲ್ಲ? ಚಾರ್ಲ್ಸ್ ಗುಡ್‌ಇಯರ್ ಕಥೆ

ಗುಡ್‌ಇಯರ್ ಅಂದ್ರೆ ನಮಗೆಲ್ಲ ನೆನಪಾಗೋದು ಟೈರ್ ಕಂಪನಿ. ಆದ್ರೆ ಆ ಹೆಸರಿನ ಮನುಷ್ಯ ಕಾರನ್ನೂ ನೋಡಿದವನಲ್ಲ, ಆ ಕಂಪನಿಯನ್ನೂ ನೋಡಿದವನಲ್ಲ.

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್‌ನಲ್ಲಿ. ಕಾಲೇಜಿಗೆ ಹೋದವನಲ್ಲ, ಕೆಮಿಸ್ಟ್ರಿ ಕಲಿತವನೂ ಅಲ್ಲ. ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ದಿವಾಳಿಯಾಗಿದ್ದ. 1834ರಲ್ಲಿ ನ್ಯೂಯಾರ್ಕಿನ ರಬ್ಬರ್ ಅಂಗಡಿಯೊಂದಕ್ಕೆ ಹೋದಾಗ ಆಗಿನ ರಬ್ಬರಿನ ರೋಗ ಅವನಿಗೆ ಗೊತ್ತಾಯ್ತು. ಬೇಸಿಗೆ ಬಂದ್ರೆ ಅಂಟಂಟಾಗಿ ಇಳಿದುಹೋಗೋದು, ಚಳಿಗೆ ಗಟ್ಟಿಯಾಗಿ ಬಿರುಕು ಬಿಡೋದು. ಅಲ್ಲಿಂದ ಶುರುವಾಯ್ತು ಹುಚ್ಚು. ಸಾಲಕ್ಕೆ ಜೈಲು ಸೇರಿದಾಗಲೂ ಅಲ್ಲೇ ಕೂತು ರಬ್ಬರ್ ನಾದಿದ. ಮೆಗ್ನೀಷಿಯಾ ಬೆರೆಸಿದ, ಸುಣ್ಣ ಬೆರೆಸಿದ, ನೈಟ್ರಿಕ್ ಆಸಿಡ್ ಹಚ್ಚಿ ನೋಡಿದ. ಸರ್ಕಾರಕ್ಕೆ ಅಂಚೆ ಚೀಲ ಮಾಡಿಕೊಟ್ಟ, ಅವೂ ಸೆಖೆಗೆ ಕರಗಿಹೋದವು.

1839ರಲ್ಲಿ ಗಂಧಕ ಬೆರೆಸಿದ ರಬ್ಬರ್ ಬಿಸಿ ಒಲೆಗೆ ತಾಗಿತು. ಕರಗಲಿಲ್ಲ, ಚರ್ಮದ ಹಾಗೆ ಕಪ್ಪಾಯ್ತು. ಇದನ್ನ ಅದೃಷ್ಟ ಅಂತ ಎಲ್ಲರೂ ಬರೀತಾರೆ, ನಮಗೆ ಹಾಗನ್ನಿಸಲ್ಲ. ಐದು ವರ್ಷ ಕೈ ಕೆಸರು ಮಾಡಿಕೊಂಡವನಿಗಷ್ಟೇ ಆ ಸುಟ್ಟ ತುಂಡಿನ ಬೆಲೆ ಗೊತ್ತಾಗೋಕೆ ಸಾಧ್ಯ. ಎಷ್ಟು ಶಾಖ, ಎಷ್ಟು ಹೊತ್ತು ಅನ್ನೋದನ್ನ ಹಿಡಿಯೋಕೆ ಇನ್ನೂ ವರ್ಷಗಳೇ ಹಿಡಿದವು. ಪೇಟೆಂಟ್ ಸಿಕ್ಕಿದ್ದು 1844ರಲ್ಲಿ.

ಅವನ ಹಠವನ್ನ ಹೊಗಳುವಾಗ ಹೆಂಡತಿ ಕ್ಲಾರಿಸ್ಸಾಳನ್ನ ಮರೆಯೋದು ಸರಿಯಲ್ಲ. ಬಡತನದಲ್ಲಿ ಸಂಸಾರ ತೂಗಿಸಿದವಳು ಅವಳು. ಹನ್ನೆರಡು ಮಕ್ಕಳಲ್ಲಿ ಆರು ಚಿಕ್ಕ ವಯಸ್ಸಿನಲ್ಲೇ ಹೋದವು. ಪೇಟೆಂಟ್ ಬಂದ ಮೇಲೂ ಕೋರ್ಟು ಕಚೇರಿ ತಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್ಕಾಕ್ ಮೊದಲೇ ಪೇಟೆಂಟ್ ಹಿಡಿದಿದ್ದ. 1860ರ ಜುಲೈ 1ರಂದು ಗುಡ್‌ಇಯರ್ ತೀರಿಕೊಂಡಾಗ ಸುಮಾರು 2 ಲಕ್ಷ ಡಾಲರ್ ಸಾಲ ಉಳಿದಿತ್ತು. ಆಕ್ರನ್ ಊರಲ್ಲಿ ಅವನ ಹೆಸರಿನ ಕಂಪನಿ ಶುರುವಾಗಿದ್ದು 1898ರಲ್ಲಿ. ಅವನ ಮನೆಯವರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ರಸ್ತೆ ವಿಷಯ. ಗಂಧಕ ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಕೊಂಡಿ ಹಾಕುತ್ತೆ. ಅದಕ್ಕೇ ಟೈರ್ ಇಷ್ಟು ಗಟ್ಟಿ, ಅದಕ್ಕೇ ಹಳೇ ಟೈರನ್ನ ಪ್ಲಾಸ್ಟಿಕ್ಕಿನ ಹಾಗೆ ಕರಗಿಸಿ ಮತ್ತೆ ಅಚ್ಚಿಗೆ ಹಾಕೋಕೂ ಆಗಲ್ಲ. ಊರಾಚೆ ಟೈರಿನ ಗುಡ್ಡೆ ಬೆಳೆಯೋಕೆ ಇದೇ ಕಾರಣ. 1960ರ ದಶಕದಲ್ಲಿ ಫೀನಿಕ್ಸ್ ನಗರದ ಇಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ಟೈರಿನ ಪುಡಿಯನ್ನ ಬಿಸಿ ಬಿಟುಮೆನ್‌ಗೆ ಬೆರೆಸಿ ರಸ್ತೆಗೆ ಹಾಕಿದ. ಅಲ್ಲೂ ಪುಡಿ ಕರಗಲ್ಲ, ಬಿಟುಮೆನ್‌ನ ಎಣ್ಣೆ ಅಂಶ ಹೀರಿ ಉಬ್ಬುತ್ತೆ, ಮಿಶ್ರಣ ಮಂದವಾಗುತ್ತೆ. ನಮ್ಮ ಹೈವೇ ಲ್ಯಾಬಿನ ಸಿಆರ್‌ಎಂಬಿ ಇದೇ ಜಾತಿಯದು. ಬರೀ ಬಿಟುಮೆನ್‌ನ ಕಾಯಿಲೆ ಏನು ಗೊತ್ತಾ? ಬೇಸಿಗೆಗೆ ಮೆತ್ತಗಾಗೋದು, ಚಳಿಗೆ ಬಿರುಕು ಬಿಡೋದು.